ಹೆಸರು ಕಳಿಸುವವರು, ಹೆಸರು ಒಪ್ಪುವವರು: ಕುದುರೆ ತಳಿ ಸಂಘದಿಂದ ರಾಷ್ಟ್ರೀಯ ಸಮಿತಿಯವರೆಗೆ

ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಪರಿಚಯದ ಬೆಳೆಗಾರರೊಬ್ಬರು ರಾಜಸ್ಥಾನದಿಂದ ಒಂದು ಮಾರ್ವಾಡಿ ಹೆಣ್ಣುಕುದುರೆಯನ್ನು ತರಿಸಿದ್ದಾರೆ. ಅದರ ಕಾಗದಪತ್ರ ಸರಿಮಾಡಿಸುವ ದಿನ ನಾನೂ ಅಲ್ಲಿದ್ದೆ. ಪಶುವೈದ್ಯರು ಕತ್ತಿನ ಎಡಭಾಗದ ಜೂಲನ್ನು ಮೇಲೆತ್ತಿ ಅದರಡಿ ಸ್ಕ್ಯಾನರನ್ನು ಮೆಲ್ಲಗೆ ಆಡಿಸಿದಾಗ ಪರದೆಯ ಮೇಲೆ ಹದಿನೈದು ಅಂಕಿಯ ಸಂಖ್ಯೆ ಮೂಡಿತು. ಆಮೇಲೆ ಅವರು ನಮೂನೆಯಲ್ಲಿ ಅಚ್ಚಾಗಿದ್ದ ಕುದುರೆಯ ರೇಖಾಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯ ಬಿಳಿ ಮಚ್ಚೆ, ಹಿಂಗಾಲಿನ ಬಿಳಿ ಪಟ್ಟಿ, ಮೈಮೇಲಿನ ಸುಳಿಗಳು ಇವನ್ನೆಲ್ಲ ಒಂದೊಂದಾಗಿ ಗುರುತು ಹಾಕತೊಡಗಿದರು. ಲಾಯ ನೋಡಿಕೊಳ್ಳುವ ಹಿರಿಯರು ಚನ್ನರಾಯಪಟ್ಟಣದ ಕಡೆಯವರು. ಬೂಕನಬೆಟ್ಟದ ಜಾತ್ರೆಯಲ್ಲಿ ಎತ್ತಿನ ಸುಳಿ ನೋಡಿಯೇ ಬೆಳೆದವರು. "ಗಂಟಲ ಹತ್ರ ಇರೋದು ದೇವಮಣಿ ಸುಳಿ ಸ್ವಾಮಿ, ಅದ್ನ ಬಿಟ್‌ಬುಟ್ರಲ್ಲ" ಎಂದು ಅವರು ನೆನಪಿಸಿದ ಮೇಲೆ ವೈದ್ಯರು ಅಲ್ಲೂ ಒಂದು ಗುರುತು ಹಾಕಿದರು. ಜಾತ್ರೆಯ ದಲ್ಲಾಳಿ ನೋಡುವ ಸುಳಿಯನ್ನೇ ಅಂತರರಾಷ್ಟ್ರೀಯ ಕುದುರೆ ಪಾಸ್‌ಪೋರ್ಟೂ ನೋಡುತ್ತದೆ ಎಂಬುದು ನನಗೆ ಅಂದು ತಿಳಿದ ಸಂಗತಿ. ಒಬ್ಬರಿಗೆ ಅದು ಶಕುನ, ಇನ್ನೊಬ್ಬರಿಗೆ ಬೆರಳಚ್ಚು.

ಕೆಲಸ ಮುಗಿದು ಕಾಫಿ ಬಂದ ಮೇಲೆ ಬೆಳೆಗಾರರು ಕೇಳಿದರು: "ಈ ತಳಿ ಸೊಸೈಟಿಯವರು ಯಾರಾದ್ರೂ ದಿಲ್ಲಿ ಕಮಿಟಿಯಲ್ಲಿ ಇದಾರಾ ಸಾರ್? ಕಾಫಿ ಬೋರ್ಡಿಗೆ ನಮ್ಮ ಬೆಳೆಗಾರರ ಪರವಾಗಿ ಒಬ್ಬರು ಹೋಗ್ತಾರಲ್ಲ, ಹಾಗೆ."

ತಳಿ ಸೊಸೈಟಿ ಎಂದರೆ ಒಂದು ತಳಿಯ ಕುದುರೆ ಸಾಕುವವರ ಸಂಘ; ದಿಲ್ಲಿ ಕಮಿಟಿ ಎಂದು ಅವರು ಹೇಳಿದ್ದು ಕುದುರೆ ಸವಾರಿ ಕ್ರೀಡೆಯನ್ನು ನಡೆಸುವ ರಾಷ್ಟ್ರೀಯ ಒಕ್ಕೂಟದ ಸಮಿತಿಯನ್ನು. ನಾನು ಸಹಕಾರ ಸಂಘಗಳ ಲೆಕ್ಕಪತ್ರ ತಪಾಸಣೆ ಮಾಡಿ ನಿವೃತ್ತನಾದವನು. ಕುದುರೆಯ ವಿಷಯದಲ್ಲಿ ನನ್ನ ತಿಳಿವಳಿಕೆ ಲಾಯದ ಬಾಗಿಲಿನ ಆಚೆಗೇ ನಿಲ್ಲುತ್ತದೆ. ಆದರೆ ಪ್ರಶ್ನೆ ಕುದುರೆಯದಲ್ಲ, ಬೈಲಾದ್ದು. ಒಂದು ಸಂಘ ತನ್ನ ಮೇಲಿನ ಸಂಸ್ಥೆಗೆ ಯಾರನ್ನು, ಯಾವ ಅಧಿಕಾರದಿಂದ, ಯಾರ ಒಪ್ಪಿಗೆಯ ಮೇಲೆ ಕಳಿಸುತ್ತದೆ ಎಂಬುದನ್ನು ಮೂವತ್ತು ವರ್ಷ ನಡಾವಳಿ ಪುಸ್ತಕಗಳಲ್ಲಿ ಹುಡುಕಿದವನಿಗೆ ಇದು ಪರಿಚಿತ ನೆಲ. ಅಲ್ಲದೆ 2025ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿದ ಮೇಲೆ ದೇಶದ ಕ್ರೀಡಾ ಒಕ್ಕೂಟಗಳೆಲ್ಲ ತಮ್ಮ ಬೈಲಾಗಳನ್ನು ಮತ್ತೆ ತೆರೆದು ನೋಡಬೇಕಾಗಿ ಬಂದಿದೆ. ಆದ್ದರಿಂದ ಈ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ತಕ್ಕ ಸಮಯ ಇನ್ನೊಂದಿಲ್ಲ.

ಹಾಸನ ಜಿಲ್ಲೆಯವರಿಗೆ ಇದನ್ನು ವಿವರಿಸಲು ಹಾಲಿನ ಡೈರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹಳ್ಳಿಯ ಹಾಲು ಉತ್ಪಾದಕರ ಸಂಘ ತನ್ನ ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ ಒಬ್ಬ ಡೆಲಿಗೇಟನ್ನು ಆರಿಸುತ್ತದೆ. ಡೆಲಿಗೇಟುಗಳು ಸೇರಿ ಜಿಲ್ಲಾ ಒಕ್ಕೂಟದ ನಿರ್ದೇಶಕರನ್ನು ಆರಿಸುತ್ತಾರೆ. ಒಕ್ಕೂಟದ ಪ್ರತಿನಿಧಿ ಬೆಂಗಳೂರಿನ ಮಹಾಮಂಡಳಕ್ಕೆ ಹೋಗುತ್ತಾರೆ. ಪತ್ರಿಕೆಗಳು ಎರಡನೆಯ ಮೆಟ್ಟಿಲಿನ ಚುನಾವಣೆಯನ್ನು ಪುಟಗಟ್ಟಲೆ ಬರೆಯುತ್ತವೆ. ಆದರೆ ಅದರ ಫಲಿತಾಂಶ ಅರ್ಧಕ್ಕರ್ಧ ನಿರ್ಧಾರವಾಗುವುದು ಮೊದಲನೆಯ ಮೆಟ್ಟಿಲಿನಲ್ಲಿ, ಯಾರೂ ನೋಡದ ಆ ಡೆಲಿಗೇಟ್ ಠರಾವಿನಲ್ಲಿ. ಒಮ್ಮೆ ಒಂದು ಸಂಘದ ನಡಾವಳಿ ಪುಸ್ತಕದಲ್ಲಿ ಇಡೀ ಸಭೆಯ ವರದಿ ನೀಲಿ ಶಾಯಿಯಲ್ಲಿದ್ದು, ಡೆಲಿಗೇಟಿನ ಹೆಸರು ಮಾತ್ರ ಕಪ್ಪು ಶಾಯಿಯಲ್ಲಿ, ಬೇರೆ ಕೈಬರಹದಲ್ಲಿ ಇದ್ದುದನ್ನು ನಾನು ಕಂಡಿದ್ದೆ. ಸಭೆ ನಡೆದಾಗ ಆ ಜಾಗವನ್ನು ಖಾಲಿ ಬಿಟ್ಟಿದ್ದರು. ಆಕ್ಷೇಪಣೆ ಬರೆದೆ, ಉತ್ತರವಾಗಿ ಬಂದದ್ದು ಕಾರ್ಯದರ್ಶಿಯ ಪೆನ್ನು ಮುಗಿದಿತ್ತು ಎಂಬ ವಿವರಣೆ. ಕುದುರೆ ತಳಿ ಸಂಘಗಳ ಕಥೆಯೂ ಬಹುಮಟ್ಟಿಗೆ ಆ ಖಾಲಿ ಬಿಟ್ಟ ಸಾಲಿನ ಕಥೆಯೇ.

ತಳಿ ಸಂಘ ಮತ್ತು ರಾಷ್ಟ್ರೀಯ ಒಕ್ಕೂಟದ ನಡುವಿನ ಸಂಬಂಧ ಅತಿ ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದಲ್ಲಿ. ಅಲ್ಲಿ ಕುದುರೆ ಪ್ರದರ್ಶನಗಳನ್ನು ನಡೆಸುವವರ ಸಂಘವೊಂದು 1917ರಲ್ಲೇ ಹುಟ್ಟಿತ್ತು. ಒಲಿಂಪಿಕ್ಸ್‌ಗೆ ಸವಾರರನ್ನು ಕಳಿಸುವ ಹೊಣೆ ಮಾತ್ರ ಸೈನ್ಯದ ಅಶ್ವದಳದ್ದಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಅಶ್ವದಳವೇ ಇಲ್ಲವಾದಾಗ, 1950ರಲ್ಲಿ ತಂಡವನ್ನು ಕಟ್ಟಲೆಂದೇ ಬೇರೊಂದು ನಾಗರಿಕ ಸಂಸ್ಥೆ ಹುಟ್ಟಿಕೊಂಡಿತು. ಒಂದು ಸಂಸ್ಥೆಯ ಹಿಂದೆ ಪ್ರದರ್ಶನ, ತಳಿ, ತೀರ್ಪುಗಾರರು; ಇನ್ನೊಂದರ ಹಿಂದೆ ಪದಕ. ರಾಷ್ಟ್ರೀಯ ಮಾನ್ಯತೆ ತಮ್ಮಿಬ್ಬರಲ್ಲಿ ಯಾರಿಗೆ ಎಂದು ಇವೆರಡೂ ಜಗಳಾಡಿ, ಕಡೆಗೆ 2003ರಲ್ಲಿ ಒಂದಾದವು. ಹಾಗೆ ಹುಟ್ಟಿದ ಯುನೈಟೆಡ್ ಸ್ಟೇಟ್ಸ್ ಈಕ್ವೆಸ್ಟ್ರಿಯನ್ ಫೆಡರೇಷನ್ನಿನ ಕಚೇರಿ ಇರುವುದು ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ. ಈ ಇತಿಹಾಸವನ್ನು ಹೇಳಲು ಕಾರಣವಿದೆ: ಒಲಿಂಪಿಕ್ ಸಂಸ್ಥೆಯೊಂದರೊಳಗೆ ತಳಿ ಸಂಘಗಳಿಗೆ ಜಾಗ ಸಿಕ್ಕಿದ್ದು ಯಾರೋ ನ್ಯಾಯಬುದ್ಧಿಯಿಂದ ಕೊಟ್ಟದ್ದರಿಂದಲ್ಲ, ಸೇರಿಕೊಂಡ ಎರಡು ಮನೆಗಳಲ್ಲಿ ಒಂದು ಅವರದೇ ಆಗಿದ್ದರಿಂದ.

ಅಲ್ಲಿ ಅರೇಬಿಯನ್, ಮಾರ್ಗನ್, ಸ್ಯಾಡಲ್‌ಬ್ರೆಡ್, ಹ್ಯಾಕ್ನಿ, ಫ್ರೀಷಿಯನ್, ವೆಲ್ಷ್ ಮುಂತಾದ ತಳಿಗಳಿಗೆ ಒಂದೊಂದು ಮಾನ್ಯತೆ ಪಡೆದ ಸಂಘವಿದೆ. ಒಕ್ಕೂಟದ ನಿಯಮ ಪುಸ್ತಕದಲ್ಲಿ ಪ್ರತಿ ತಳಿಗೂ ಪ್ರತ್ಯೇಕ ಅಧ್ಯಾಯ. ಆ ಅಧ್ಯಾಯದಲ್ಲಿ ಒಂದು ಸಾಲು ಬದಲಾಗಬೇಕಾದರೂ ಅದು ಸಂಬಂಧಪಟ್ಟ ತಳಿ ಸಮಿತಿಯ ಮುಂದೆ ಬರಬೇಕು. ಸಮಿತಿಯ ಅಭಿಪ್ರಾಯದೊಡನೆ ಆಡಳಿತ ಮಂಡಳಿಗೆ ಹೋಗಬೇಕು. ಆ ಸಮಿತಿಗೆ ಜನ ಬರುವ ದಾರಿ ಹೀಗೆ: ತಳಿ ಸಂಘ ಹೆಸರುಗಳನ್ನು ಶಿಫಾರಸು ಮಾಡುತ್ತದೆ, ಒಕ್ಕೂಟ ನೇಮಿಸುತ್ತದೆ. ಶಿಫಾರಸು ಮತ್ತು ನೇಮಕ ಎಂಬ ಈ ಎರಡು ಶಬ್ದಗಳ ನಡುವಿನ ಅಂತರವೇ ಇಡೀ ವ್ಯವಸ್ಥೆಯ ಕೀಲಿ. ಕಳಿಸಿದ ಹೆಸರನ್ನು ಒಕ್ಕೂಟ ತಿರಸ್ಕರಿಸಬಹುದೆಂದಾದರೆ ಸಮಿತಿಯ ಸದಸ್ಯ ಒಕ್ಕೂಟದ ಮನುಷ್ಯ; ತಿರಸ್ಕರಿಸಲಾಗದೆಂದಾದರೆ ಆತ ಸಂಘದ ಮನುಷ್ಯ. ನಮ್ಮ ಸಹಕಾರ ಕ್ಷೇತ್ರದಲ್ಲಿ ಡೆಲಿಗೇಟನ್ನು ಮೇಲಿನವರು ಬೇಡವೆನ್ನುವಂತಿಲ್ಲ. ಕಾಫಿ ಬೋರ್ಡಿನಲ್ಲಿ ಹಾಗಲ್ಲ: ಅದರ 33 ಸದಸ್ಯರಲ್ಲಿ ಬೆಳೆಗಾರರ ಪ್ರತಿನಿಧಿಗಳು ಇರಲೇಬೇಕೆಂದು ನಿಯಮವಿದ್ದರೂ, ಸಂಘಗಳು ಯಾರ ಹೆಸರನ್ನು ಮುಂದಿಟ್ಟರೂ, ನೇಮಿಸುವುದು ಕೇಂದ್ರ ಸರ್ಕಾರ. ಕುದುರೆಯ ತಳಿ ಸಮಿತಿಗಳು ಇವೆರಡರ ನಡುವೆ ಎಲ್ಲೋ ಇವೆ. ಕಾಗದದ ಮೇಲೆ ಕಾಫಿ ಬೋರ್ಡಿನ ಹತ್ತಿರ, ರೂಢಿಯಲ್ಲಿ ಹಾಲಿನ ಒಕ್ಕೂಟದ ಹತ್ತಿರ. ಸಂಘ ಕಳಿಸಿದ ಹೆಸರನ್ನು ತಳ್ಳಿಹಾಕಿ ಒಂದು ತಳಿಯ ಜನರನ್ನೆಲ್ಲ ಎದುರು ಹಾಕಿಕೊಳ್ಳಲು ಯಾವ ಅಧ್ಯಕ್ಷರಿಗೆ ಪುರಸತ್ತು?

ಹಾಗಾದರೆ ಸಂಘದ ಒಳಗೆ ಆ ಹೆಸರು ಹೇಗೆ ಹುಟ್ಟುತ್ತದೆ? ಸಾಮಾನ್ಯ ಸದಸ್ಯರ ಮತದಿಂದ ಹುಟ್ಟುವುದು ಅಪರೂಪ. ತಳಿ ಸಂಘದ ಆಡಳಿತ ಮಂಡಳಿಯೋ ಅದರ ಅಧ್ಯಕ್ಷರೋ ಒಂದು ಚಿಕ್ಕ ಪಟ್ಟಿ ಮಾಡುತ್ತಾರೆ. ಅದರಲ್ಲಿ ಇಂತಿಷ್ಟು ವೃತ್ತಿಪರ ತರಬೇತುದಾರರು, ಇಂತಿಷ್ಟು ಹವ್ಯಾಸಿ ಸವಾರರು, ಒಬ್ಬಿಬ್ಬರು ತೀರ್ಪುಗಾರರು ಎಂದು ಹಂಚಿಕೆ ಇರುತ್ತದೆ. ಕುದುರೆ ಸಾಕುವ ಖರ್ಚು ಗೊತ್ತಿರುವವರಿಗೆ ಪಟ್ಟಿಯಲ್ಲಿ ಯಾರಿರುತ್ತಾರೆಂದು ಹೇಳಬೇಕಾಗಿಲ್ಲ. ಸ್ವಂತ ಖರ್ಚಿನಲ್ಲಿ ಊರೂರು ತಿರುಗಿ ಸಭೆಗೆ ಕೂರಬಲ್ಲವರೇ ಬಂದು ಕೂರುತ್ತಾರೆ, ಮತ್ತು ಅಂಥವರು ಬಹಳ ಸಲ ತಳಿಯ ದೊಡ್ಡ ಮಾರಾಟಗಾರರೂ ಆಗಿರುತ್ತಾರೆ.

ಸಮಿತಿಯ ಕೆಲಸ ಹೊರಗಿನಿಂದ ನೋಡಿದವರಿಗೆ ಸಣ್ಣದಾಗಿ ಕಾಣಬಹುದು. ಅರೇಬಿಯನ್ ಕುದುರೆಯ ಅಧ್ಯಾಯದಲ್ಲಿ ಗೊರಸಿನ ಉದ್ದಕ್ಕೂ ಲಾಳದ ತೂಕಕ್ಕೂ ಮಿತಿ ಇದೆ. ಲಾಳ ಭಾರವಾದಷ್ಟೂ ಕೆಲವು ಕುದುರೆಗಳು ಮುಂಗಾಲನ್ನು ಎತ್ತಿ ಹಾಕುತ್ತವೆ. ಎತ್ತಿ ಹಾಕಿದಷ್ಟೂ ನೋಟಕ್ಕೆ ಭರ್ಜರಿ, ಬಹುಮಾನಕ್ಕೆ ಹತ್ತಿರ. ಆ ಮಿತಿ ಒಂದಿಷ್ಟು ಸಡಿಲವಾದರೆ ಯಾರ ಲಾಯದ ಕುದುರೆ ಗೆಲ್ಲುತ್ತದೆ, ಯಾರ ಬೀಜದ ಕುದುರೆಗೆ ಬೇಡಿಕೆ ಏರುತ್ತದೆ ಎಂಬುದೆಲ್ಲ ಬದಲಾಗುತ್ತದೆ. ತೀರ್ಪುಗಾರರ ಪರವಾನಗಿಯಲ್ಲಿಯೂ ಎರಡು ದರ್ಜೆಗಳಿವೆ: ಚಿಕ್ಕ 'ಆರ್' ಪಡೆದವರು ಮೊದಲ ಹಂತದವರು, ದೊಡ್ಡ 'ಆರ್' ಪಡೆದವರು ಪಳಗಿದವರು. ಯಾರ ಕಣ್ಣು ತಳಿಯ ಅಂದವನ್ನು ಅಳೆಯಬೇಕು, ಆ ಕಣ್ಣು ಪಳಗಿದೆ ಎಂದು ಹೇಳುವವರು ಯಾರು ಎಂಬ ಚರ್ಚೆಗೂ ದಾರಿ ಆ ತಳಿಯವರ ನಡುವಿನಿಂದಲೇ ಹೋಗುತ್ತದೆ.

ಅಮೆರಿಕದ ಕಾನೂನು ಈ ಒಳಗುಂಪಿನ ಗಟ್ಟಿತನವನ್ನು ಒಂದು ಕಡೆಯಿಂದ ಮುರಿಯಲು ನೋಡಿದೆ. 1978ರ ಕ್ರೀಡಾ ಕಾಯ್ದೆಯಡಿ ರಾಷ್ಟ್ರೀಯ ಒಕ್ಕೂಟಗಳ ಆಡಳಿತ ಮಂಡಳಿ, ಸಮಿತಿಗಳಲ್ಲಿ ಕನಿಷ್ಠ ಶೇ. 20ರಷ್ಟು ಕ್ರೀಡಾಪಟುಗಳಿರಬೇಕಿತ್ತು; 2020ರ ತಿದ್ದುಪಡಿ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು. ಓಟ, ಈಜುಗಳಲ್ಲಿ ಇದು ಸಲೀಸು. ಕುದುರೆಯ ತಳಿ ಪ್ರದರ್ಶನದಲ್ಲಿ ಮಾತ್ರ ಕ್ರೀಡಾಪಟು ಎಂದರೆ ಯಾರು? ಸ್ಯಾಡಲ್‌ಬ್ರೆಡ್ ಕುದುರೆ ಒಲಿಂಪಿಕ್ಸ್‌ಗೆ ಹೋಗುವ ಪ್ರಾಣಿಯಲ್ಲ. ಅದರ ಸವಾರ ತಾನೇ ಮಾಲೀಕ, ತಾನೇ ತಳಿಗಾರ, ಬಿಡುವಿದ್ದಾಗ ತಾನೇ ತರಬೇತುದಾರನಾಗಿರಬಹುದು. ಕ್ರೀಡಾಪಟುವಿನ ಕೋಟಾದಲ್ಲಿ ಬಂದು ಕೂತವರು ಮಾತಾಡುವಾಗ ಸವಾರನ ಬಾಯಲ್ಲಿ ಮಾರಾಟಗಾರನ ದನಿ ಕೇಳಿದರೆ ಆಶ್ಚರ್ಯವಿಲ್ಲ. ಮೀಸಲಾತಿ ಸಿಕ್ಕ ಗ್ರಾಮ ಪಂಚಾಯಿತಿಯಲ್ಲಿ ಹೆಂಡತಿಯ ಕುರ್ಚಿಯ ಹಿಂದೆ ಗಂಡ ನಿಂತಿರುವುದನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು.

ಹಿತಾಸಕ್ತಿಯ ಈ ಗೋಜಲು ನ್ಯಾಯಾಲಯದವರೆಗೆ ಹೋದ ಒಂದು ಪ್ರಕರಣವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್ 1940ರಲ್ಲಿ ಹುಟ್ಟಿದ, ಟೆಕ್ಸಸ್‌ನ ಅಮರಿಲ್ಲೊದಲ್ಲಿ ನೆಲೆಸಿರುವ ಭಾರಿ ತಳಿ ಸಂಘ. ಅದರ ನಿಯಮದ ಪ್ರಕಾರ ಅಬೀಜ ಸಂತಾನವಾಗಿ, ಅಂದರೆ ಕ್ಲೋನ್ ಮಾಡಿ ಹುಟ್ಟಿಸಿದ ಕುದುರೆಗೆ ಸ್ಟಡ್ ಬುಕ್ಕಿನಲ್ಲಿ ಜಾಗವಿಲ್ಲ. ಸ್ಟಡ್ ಬುಕ್ಕೆಂದರೆ ವಂಶಾವಳಿಯ ದಾಖಲೆ. ಅದರಲ್ಲಿ ಹೆಸರಿಲ್ಲದ ಕುದುರೆ ಸಂಘದ ಪಂದ್ಯಗಳಲ್ಲಿ ಓಡುವಂತಿಲ್ಲ, ಅದರ ಮರಿಗೆ ಬೆಲೆಯಿಲ್ಲ. ಟೆಕ್ಸಸ್‌ನ ಒಬ್ಬ ಕುದುರೆ ಸಾಕಣೆಗಾರ ಮತ್ತು ಒಬ್ಬ ಪಶುವೈದ್ಯ ಸೇರಿ ಸಂಘದ ಮೇಲೆ ದಾವೆ ಹೂಡಿದರು. ಅವರ ವಾದ ಹೀಗಿತ್ತು: ನೋಂದಣಿಯ ಪ್ರಶ್ನೆಯನ್ನು ತೀರ್ಮಾನಿಸುವ ಸ್ಟಡ್ ಬುಕ್ ಸಮಿತಿಯಲ್ಲಿ ಕೂತವರೇ ಈಗಾಗಲೇ ಬೆಲೆಬಾಳುವ ಕುದುರೆಗಳ ಒಡೆಯರು, ಹೊಸ ಸ್ಪರ್ಧಿ ಮಾರುಕಟ್ಟೆಗೆ ಬಾರದಂತೆ ಅವರು ಕೂಡಿ ಸಂಚು ಮಾಡಿದ್ದಾರೆ. 2013ರಲ್ಲಿ ಅಮರಿಲ್ಲೊದ ಜ್ಯೂರಿ ಈ ವಾದವನ್ನು ಒಪ್ಪಿತು. ಹಣದ ಪರಿಹಾರ ಕೊಡಿಸಲಿಲ್ಲವಾದರೂ ಕ್ಲೋನ್ ಕುದುರೆಗಳನ್ನು ನೋಂದಾಯಿಸಬೇಕೆಂದು ನ್ಯಾಯಾಲಯದ ಆದೇಶ ಬಂತು. 2015ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು. ಸಂಚಿಗೆ ಸಾಕ್ಷ್ಯ ಸಾಲದು, ಸಂಘವಂತೂ ತಾನಾಗಿ ಆ ಮಾರುಕಟ್ಟೆಯ ಸ್ಪರ್ಧಿಯಲ್ಲ ಎಂಬುದು ಅದರ ನಿಲುವಾಗಿತ್ತು.

ಸಂಘ ಗೆದ್ದಿತು, ಸರಿ. ಆದರೆ ಲೆಕ್ಕ ತಪಾಸಣೆ ಮಾಡಿದವನ ಕಣ್ಣಿಗೆ ತೀರ್ಪಿಗಿಂತ ದಾವೆಯ ಆಕಾರ ಮುಖ್ಯವೆನಿಸುತ್ತದೆ. ಸಮಿತಿಯ ಸದಸ್ಯರಿಗೆ ಆ ವಿಷಯದಲ್ಲಿ ಸ್ವಂತ ಲಾಭವಿತ್ತೇ ಎಂಬ ಪ್ರಶ್ನೆಗೆ ಹೌದು ಎಂಬ ಉತ್ತರ ಬಿಟ್ಟು ಬೇರೆ ಉತ್ತರ ಇರಲು ಸಾಧ್ಯವೇ ಇರಲಿಲ್ಲ, ಏಕೆಂದರೆ ತಳಿಯನ್ನು ಬಲ್ಲವರೆಲ್ಲ ತಳಿಯನ್ನು ಮಾರುವವರೇ. ಇದು ಕುದುರೆಗೆ ಮಾತ್ರ ಅಂಟಿದ ದೋಷವಲ್ಲ. ಹಳ್ಳಿಕಾರ್ ಹೋರಿಯ ಲಕ್ಷಣ ಹೇಳಬಲ್ಲ ಹಿರಿಯರು ಯಾರೆಂದು ರಾಮನಾಥಪುರದ ಜಾತ್ರೆಯಲ್ಲಿ ಕೇಳಿದರೆ, ನಿಮಗೆ ತೋರಿಸುವವರೆಲ್ಲರ ಹಿಂದೆಯೂ ಒಂದೊಂದು ಜೋಡಿ ಮಾರಾಟಕ್ಕೆ ಕಟ್ಟಿರುತ್ತದೆ. ತಿಳಿವಳಿಕೆ ಬೇಕು, ಆದರೆ ತಿಳಿವಳಿಕೆ ಲಾಭದೊಡನೆಯೇ ಬರುತ್ತದೆ. ಆದ್ದರಿಂದ ನಿರ್ಲಿಪ್ತ ಸದಸ್ಯರನ್ನು ಹುಡುಕುವುದು ವ್ಯರ್ಥ. ಯಾವ ವಿಷಯ ಬಂದಾಗ ಯಾರು ಎದ್ದು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಿದೆಯೇ ಎಂಬುದನ್ನು ಬೈಲಾ ಹೇಳಬೇಕು.

ಟೆನೆಸಿ ವಾಕಿಂಗ್ ಹಾರ್ಸ್ ಎಂಬ ತಳಿಯ ವಿಷಯ ಇನ್ನೂ ಕಹಿ. ಅದರ ನಡಿಗೆ ಮೇಲೆದ್ದು ಕಾಣಲೆಂದು ಕೆಲವರು ಕುದುರೆಯ ಮುಂಗಾಲಿಗೆ ಸುಡುವ ರಾಸಾಯನಿಕ ಹಚ್ಚಿ, ನೋವಿಗೆ ಅದು ಕಾಲೆತ್ತುವಂತೆ ಮಾಡುತ್ತಿದ್ದರು. ಇದನ್ನು ತಡೆಯಲು 1970ರಲ್ಲಿ ಕಾಯ್ದೆ ಬಂತು. ಸರ್ಕಾರದ ಕೈಗೆ ಎಲ್ಲ ಪ್ರದರ್ಶನಗಳೂ ಎಟುಕದ ಕಾರಣ, 1976ರ ತಿದ್ದುಪಡಿಯ ನಂತರ ಕುದುರೆ ಉದ್ಯಮದ ಸಂಘಟನೆಗಳೇ ತರಬೇತಿ ಕೊಟ್ಟು ಕಳಿಸಿದ ತಪಾಸಕರನ್ನು ಪ್ರದರ್ಶನದ ವ್ಯವಸ್ಥಾಪಕರು ನೇಮಿಸಿಕೊಳ್ಳುವ ಪದ್ಧತಿ ಜಾರಿಗೆ ಬಂತು. 2010ರಲ್ಲಿ ಕೃಷಿ ಇಲಾಖೆಯ ಒಳ ತಪಾಸಣಾ ವಿಭಾಗ ಈ ಪದ್ಧತಿಯನ್ನು ಪರಿಶೀಲಿಸಿ, ತಪಾಸಕರಲ್ಲಿ ಹಲವರು ಸ್ವತಃ ಕುದುರೆ ಪ್ರದರ್ಶಿಸುವವರು, ತಪ್ಪು ಹಿಡಿದರೆ ಮುಂದೆ ಅವರಿಗೆ ಕೆಲಸ ಸಿಗುವ ಭರವಸೆಯಿಲ್ಲ, ಆದ್ದರಿಂದ ಈ ಏರ್ಪಾಟನ್ನೇ ಕೈಬಿಡಬೇಕು ಎಂದು ಬರೆಯಿತು. ಅದನ್ನು ಕೈಬಿಡುವ ನಿಯಮ ಹೊರಟದ್ದು 2024ರಲ್ಲಿ. ಅದೂ ಟೆಕ್ಸಸ್‌ನ ನ್ಯಾಯಾಲಯದಲ್ಲಿ ಸಿಕ್ಕಿಕೊಂಡಿತು. ತಳಿ ಸಂಘದ ಜನ ನಿಯಮ ರೂಪಿಸುವ ಸಮಿತಿಯಲ್ಲಿ ಇರುವುದು ಬೇರೆ, ನಿಯಮ ಮುರಿದವರನ್ನು ಹಿಡಿಯುವ ಜಾಗದಲ್ಲಿ ಇರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೊದಲನೆಯದನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ.

ಯೂರೋಪಿನಲ್ಲಿ ಬೇರೆ ಮಾದರಿಗಳಿವೆ. ಜರ್ಮನಿಯಲ್ಲಿ ವಾರೆಂಡಾರ್ಫ್ ಪಟ್ಟಣದ ರಾಷ್ಟ್ರೀಯ ಸಂಸ್ಥೆ ಕ್ರೀಡೆ ಮತ್ತು ತಳಿ ಅಭಿವೃದ್ಧಿ ಎರಡನ್ನೂ ಒಂದೇ ಸೂರಿನಡಿ ನೋಡಿಕೊಳ್ಳುತ್ತದೆ. ಪ್ರಾಂತೀಯ ಸವಾರಿ ಸಂಘಗಳಂತೆ ತಳಿ ಸಂಘಗಳೂ ಅದರ ಸದಸ್ಯರು. ಅಲ್ಲಿ ತಳಿಗಾರರು ಅತಿಥಿಗಳಲ್ಲ, ಮನೆಯವರು. ಜಿಗಿತಕ್ಕೋ, ಪಳಗಿದ ನಡೆಗಳನ್ನು ತೋರಿಸುವ ಡ್ರೆಸ್ಸಾಜ್‌ಗೋ ತಕ್ಕ ಕುದುರೆಯನ್ನು ಹುಟ್ಟಿಸುವುದೇ ತಳಿಯ ಗುರಿಯಾಗಿರುವುದರಿಂದ ಈ ಕೂಡಾವಳಿ ನಡೆಯುತ್ತದೆ. ಐಸ್‌ಲ್ಯಾಂಡಿನ ಕುದುರೆಯವರು ಇದಕ್ಕೆ ತದ್ವಿರುದ್ಧ. ತಮ್ಮ ಒಂದೇ ತಳಿಗಾಗಿ 1969ರಲ್ಲಿ ಬೇರೆಯೇ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡು, ಎರಡು ವರ್ಷಕ್ಕೊಮ್ಮೆ ತಮ್ಮದೇ ವಿಶ್ವ ಪಂದ್ಯಾವಳಿ ನಡೆಸುತ್ತಾರೆ. ದೇಶ ಬಿಟ್ಟ ಕುದುರೆ ಮತ್ತೆ ಐಸ್‌ಲ್ಯಾಂಡಿಗೆ ಕಾಲಿಡುವಂತಿಲ್ಲ ಎಂಬುದು ಅಲ್ಲಿಯ ಕಾನೂನು, ಹಾಗಾಗಿ ಪಂದ್ಯಕ್ಕೆ ಹೊರಟ ಕುದುರೆಗೆ ಸವಾರ ಕೈಮುಗಿದೇ ಹೊರಡಬೇಕು. ಯಾರ ಸಮಿತಿಯಲ್ಲೂ ಕುರ್ಚಿ ಕೇಳದೆ ತಮ್ಮದೇ ಮೇಜು ಹಾಕಿಕೊಂಡವರ ದಾರಿ ಇದು. ಅದಕ್ಕೆ ಅವರಷ್ಟು ಒಗ್ಗಟ್ಟು ಬೇಕು.

ಇನ್ನು ನಮ್ಮ ಕಡೆಗೆ. ಜಗತ್ತಿನ ಅಶ್ವ ಕ್ರೀಡೆಯನ್ನು ನಡೆಸುವ ಎಫ್‌ಇಐ 1921ರಲ್ಲಿ ಸ್ಥಾಪನೆಯಾದ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಸಂಸ್ಥೆ. ಅದರ ಸದಸ್ಯತ್ವ ರಾಷ್ಟ್ರೀಯ ಒಕ್ಕೂಟಗಳಿಗೆ ಮಾತ್ರ. ಯಾವ ತಳಿ ಸಂಘವೂ ನೇರವಾಗಿ ಅದರ ಬಾಗಿಲು ತಟ್ಟುವಂತಿಲ್ಲ. ಭಾರತದ ಮಟ್ಟಿಗೆ ಆ ಜಾಗದಲ್ಲಿರುವುದು ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾ. ಅಮೆರಿಕದಲ್ಲಿ ಸೈನ್ಯ ಬಿಟ್ಟುಹೋದ ಕೆಲಸವನ್ನು ನಾಗರಿಕರು ಕೈಗೆತ್ತಿಕೊಂಡರೆ, ನಮ್ಮಲ್ಲಿ ಸೈನ್ಯ ಇಂದಿಗೂ ಈ ಆಟದ ಬೆನ್ನೆಲುಬು. ರಾಜ್ಯ ಸಂಘಗಳ ಜೊತೆಗೆ ಸೇನೆಯ ಘಟಕಗಳು, ಸವಾರಿ ಕ್ಲಬ್ಬುಗಳು ಕೂಡ ಅದರ ಸದಸ್ಯರಾಗಿರುವುದೇ ದೊಡ್ಡ ತಕರಾರಿಗೆ ಕಾರಣವಾಯಿತು. ರಾಷ್ಟ್ರೀಯ ಒಕ್ಕೂಟದಲ್ಲಿ ಮತ ಹಾಕಬೇಕಾದವರು ರಾಜ್ಯ ಸಂಘಗಳು ಎಂಬುದು 2011ರ ಕ್ರೀಡಾ ಸಂಹಿತೆಯ ಮೂಲ ಭಾವ. ಕ್ಲಬ್ಬುಗಳಿಗೆ ಮತ ಕೊಟ್ಟರೆ ಅದು ಮುರಿಯುತ್ತದೆ ಎಂದು ರಾಜಸ್ಥಾನದ ಅಶ್ವಾರೋಹಣ ಸಂಘ ದಿಲ್ಲಿ ಹೈಕೋರ್ಟಿಗೆ ಹೋಯಿತು. ಎದುರು ವಾದಕ್ಕೂ ತೂಕವಿಲ್ಲದಿಲ್ಲ: ಕುದುರೆ ಸವಾರಿ ಎಲ್ಲ ರಾಜ್ಯಗಳಲ್ಲೂ ಬೇರೂರಿದ ಆಟವಲ್ಲ, ಕುದುರೆ ಇಲ್ಲದ ಕಡೆ ಕುದುರೆಯ ಸಂಘವೊಂದು ಕಾಗದದ ಮೇಲೆ ಮಾತ್ರ ಇರಬಲ್ಲದು. ಕಾಗದದ ಮೇಲಿನ ಸಂಘಗಳು ಎಷ್ಟು ಚೆನ್ನಾಗಿ ಮತ ಹಾಕುತ್ತವೆ ಎಂಬುದನ್ನು ನಾನು ಸೇವೆಯಲ್ಲಿದ್ದಾಗ ಸಾಕಷ್ಟು ನೋಡಿದ್ದೇನೆ.

ಈ ಇಡೀ ವ್ಯಾಜ್ಯದಲ್ಲಿ ರಾಜ್ಯ ಮತ್ತು ಕ್ಲಬ್ಬು ಎಂಬ ಎರಡು ಪಕ್ಷಗಳಿವೆ. ತಳಿ ಎಂಬ ಮೂರನೆಯದರ ಮಾತೇ ಇಲ್ಲ. 2025ರ ಕಾಯ್ದೆಯೂ ಈ ಕಡೆ ತಿರುಗಿ ನೋಡಿಲ್ಲ. ಕಾರ್ಯಕಾರಿ ಸಮಿತಿಯಲ್ಲಿ 15ಕ್ಕಿಂತ ಹೆಚ್ಚು ಜನ ಇರಬಾರದು, ಅವರಲ್ಲಿ ಕನಿಷ್ಠ ನಾಲ್ವರು ಮಹಿಳೆಯರು ಮತ್ತು ಇಬ್ಬರು ಹೆಸರಾಂತ ಕ್ರೀಡಾಪಟುಗಳು ಇರಬೇಕು, ಕ್ರೀಡಾಪಟುಗಳದೇ ಒಂದು ಸಮಿತಿ ಇರಬೇಕು, ಚುನಾವಣೆಗೆ ಮೇಲ್ವಿಚಾರಣಾ ಮಂಡಳಿ ಮತ್ತು ವ್ಯಾಜ್ಯಕ್ಕೆ ನ್ಯಾಯಮಂಡಳಿ ಇರಬೇಕು ಎಂದೆಲ್ಲ ಅದು ಹೇಳುತ್ತದೆ. ಎಲ್ಲ ಕ್ರೀಡೆಗಳಿಗೂ ಒಂದೇ ಅಳತೆಯಲ್ಲಿ ಹೊಲಿದ ಅಂಗಿ. ಆಟಗಾರನ ಜೊತೆ ಇನ್ನೊಂದು ಜೀವವೂ ಆಡುವ ಒಲಿಂಪಿಕ್ ಕ್ರೀಡೆ ಇದೊಂದೇ ಎಂಬುದು ಆ ಅಳತೆಯಲ್ಲಿ ಬರುವುದಿಲ್ಲ.

ತಳಿಗೆ ನಮ್ಮಲ್ಲಿ ಮನೆಯೇ ಬೇರೆ. ದೇಶಿ ಕುದುರೆ ತಳಿಗಳನ್ನು ಗುರುತಿಸಿ ನೋಂದಾಯಿಸುವುದು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೊ. ಮಾರ್ವಾಡಿ, ಕಾಠಿಯಾವಾಡಿ, ಸ್ಪಿತಿ, ಜಾನ್ಸ್ಕರಿ, ಭೂಟಿಯಾ, ಮಣಿಪುರಿ, ಕಚ್ಛಿ-ಸಿಂಧಿ ಇವುಗಳ ಜೊತೆಗೆ ಇತ್ತೀಚೆಗೆ ಮಹಾರಾಷ್ಟ್ರದ ಭೀಮಥಡಿಯೂ ಸೇರಿದೆ. ಕರ್ನಾಟಕದ್ದು ಅದರಲ್ಲಿ ಒಂದೂ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬುಡದಲ್ಲಿ ಆನೆ, ಸಿಂಹ, ಬಳ್ಳಿಯ ಪಟ್ಟಿಕೆಗಳ ಮೇಲೆ ಸವಾರರ ಸಾಲು ಗುಡಿಯನ್ನು ಸುತ್ತಿದರೂ, ಒಳ್ಳೆಯ ಕುದುರೆ ಆಗಲೂ ಕಡಲ ದಾರಿಯಿಂದಲೇ ಬರಬೇಕಿತ್ತು. ರೇಸಿನ ಥರೋಬ್ರೆಡ್ ಕುದುರೆಗಳ ವಂಶಾವಳಿ ಪುಣ್ಯವಶಾತ್ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ಗಟ್ಟಿಯಾಗಿ ಕೂತಿದೆ. ಟರ್ಫ್ ಕ್ಲಬ್ಬುಗಳ ಹಣ ಅದರ ಹಿಂದಿದೆ. ದೇಶಿ ತಳಿಗಳ ಸಂಘಗಳಿಗೆ ಅಂಥ ಬಲವಿಲ್ಲ. ಇಂಡಿಜಿನಸ್ ಹಾರ್ಸ್ ಸೊಸೈಟಿ ಆಫ್ ಇಂಡಿಯಾ 1999ರಲ್ಲಿ ಹುಟ್ಟಿದ್ದು. ಮಾರ್ವಾಡಿಯ ನೋಂದಣಿ ಒಂದು ಕ್ರಮಕ್ಕೆ ಬಂದದ್ದು ಅದಕ್ಕೂ ಈಚೆಗೆ. ಅಷ್ಟರಲ್ಲಿ ಕುದುರೆಗಳೇ ಕರಗುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 6.2 ಲಕ್ಷ ಕುದುರೆ ಮತ್ತು ತಟ್ಟುಗಳಿದ್ದವು. 2019ರ ಗಣತಿಗೆ ಅವು ಸುಮಾರು 3.4 ಲಕ್ಷಕ್ಕೆ ಇಳಿದಿದ್ದವು.

ಒಕ್ಕೂಟದವರ ಕಡೆಯಿಂದ ನೋಡಿದರೆ ಅವರ ಅಸಡ್ಡೆಗೂ ಕಾರಣವಿದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸ್ಸಾಜ್ ತಂಡ ವಿಭಾಗದಲ್ಲಿ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಚಿನ್ನ ಗೆದ್ದರು. 1982ರ ದಿಲ್ಲಿ ಕೂಟದ ನಂತರ 41 ವರ್ಷಕ್ಕೆ ಬಂದ ಚಿನ್ನ ಅದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೂರು ಬಗೆಯ ಸವಾರಿ ಕೂಡಿದ ಈವೆಂಟಿಂಗ್ ಸ್ಪರ್ಧೆಯಲ್ಲಿ 23ನೆಯವರಾದರು. ಇವರ ಯಾರ ಕೆಳಗೂ ದೇಶಿ ಕುದುರೆ ಇರಲಿಲ್ಲ. ಪದಕದ ಕುದುರೆಗಳೆಲ್ಲ ಯೂರೋಪಿನ ಕ್ರೀಡಾ ತಳಿಗಳವು. ಹಾಗಿರುವಾಗ ಮಾರ್ವಾಡಿ ಸಂಘದ ಪ್ರತಿನಿಧಿ ದಿಲ್ಲಿಯ ಸಮಿತಿಗೆ ಬಂದು ಮಾಡುವುದೇನು ಎಂದು ಅವರು ಕೇಳಿದರೆ, ಪ್ರಶ್ನೆ ಒರಟಾದರೂ ಅಸಂಬದ್ಧವಲ್ಲ.

ನನ್ನ ಉತ್ತರ ಇಷ್ಟು. ತಳಿ ಸಂಘಗಳಿಗೆ ಒಕ್ಕೂಟದ ಚುನಾವಣೆಯಲ್ಲಿ ಮತ ಬೇಡ. ಮತ ಕೊಟ್ಟ ಮರುದಿನವೇ ಒಂದೊಂದು ತಳಿಗೆ ಮೂರು ಮೂರು ಸಂಘ ಹುಟ್ಟುತ್ತವೆ, ಪ್ರತಿಯೊಂದೂ ತಾನೇ ಅಸಲಿ ಎನ್ನುತ್ತದೆ, ಮತ್ತೆ ಎಲ್ಲರೂ ಹೈಕೋರ್ಟಿನ ಕಾರಿಡಾರಿನಲ್ಲಿ ಭೇಟಿಯಾಗುತ್ತಾರೆ. ಆದರೆ ಎಂಡ್ಯೂರೆನ್ಸ್ ಎಂಬ ದೂರದ ಸವಾರಿ, ಟೆಂಟ್ ಪೆಗ್ಗಿಂಗ್ ಎಂಬ ಗೂಟ ಕೀಳುವ ಆಟ, ಕಿರಿಯರ ಪ್ರಾದೇಶಿಕ ಸ್ಪರ್ಧೆಗಳು ಇವುಗಳಲ್ಲಿ ದೇಶಿ ಕುದುರೆ ನಿಜವಾಗಿ ಓಡುತ್ತದೆ. ಅಲ್ಲಿಯ ತಾಂತ್ರಿಕ ಸಮಿತಿಗಳಲ್ಲಿ ತಳಿಯವರ ಮಾತಿಗೆ ಜಾಗ ಇರಲೇಬೇಕು. ಗಿಡ್ಡ ಕುದುರೆಗೆ ತಡೆಯ ಎತ್ತರ ಎಷ್ಟಿರಬೇಕು, ಹೃದಯ ಬಡಿತ ಎಷ್ಟು ಹೊತ್ತಿನೊಳಗೆ ಇಳಿಯಬೇಕು ಎಂಬಂಥ ವಿಷಯಗಳಲ್ಲಿ ತಳಿಯ ಸ್ವಭಾವ ಬಲ್ಲವರು ಬೇಕು. ಹೆಸರನ್ನು ಸಂಘ ಕಳಿಸಲಿ, ಆದರೆ ಒಂದಲ್ಲ, ಮೂರು ಹೆಸರು ಕಳಿಸಲಿ. ಒಕ್ಕೂಟ ಆ ಮೂವರಲ್ಲೇ ಒಬ್ಬರನ್ನು ಆರಿಸಲಿ, ಯಾಕೆ ಆರಿಸಿತೆಂದು ಬರೆಯಲಿ. ಹೆಸರಿನ ಜೊತೆಗೆ ಆ ವ್ಯಕ್ತಿಯ ಲಾಯದಲ್ಲಿ ಮಾರಾಟಕ್ಕಿರುವ ಕುದುರೆಗಳ ಪಟ್ಟಿಯೂ ಹೋಗಲಿ. ಸ್ಟಡ್ ಬುಕ್ಕಿನ ಕೀಲಿ ಇಟ್ಟುಕೊಂಡವರು ಸ್ಪರ್ಧೆಯ ಸಮಿತಿಗೆ ಬಾರದಿರಲಿ. ಈ ಕೊನೆಯದಕ್ಕೆ ನನ್ನ ಸ್ನೇಹಿತರಾದ ಬೆಳೆಗಾರರೇ ಒಪ್ಪಲಿಲ್ಲ. ದೇಶಿ ತಳಿ ಬಲ್ಲವರು ಇರುವುದೇ ಬೆರಳೆಣಿಕೆಯಷ್ಟು, ಅವರನ್ನೂ ಎರಡು ಪಾಲು ಮಾಡಿದರೆ ಉಳಿಯುವವರಾರು ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ. ಆದರೂ ಟೆನೆಸಿಯ ಉದಾಹರಣೆ ನೋಡಿದ ಮೇಲೆ ನನ್ನ ಮನಸ್ಸು ಬದಲಾಗಲಿಲ್ಲ.

ಸಂಘವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ಪಕ್ಕದಲ್ಲೇ ನಿದರ್ಶನವಿದೆ. ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನ ಕೇಂದ್ರವಿದೆ. ಮೈಸೂರು ಒಡೆಯರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಈಗಿನ ಹೆಸರು ಪಡೆದು, ಸೈನ್ಯದ ಸಾಮಾನು ಎಳೆದ ಎತ್ತುಗಳ ವಂಶ ಅದು. ಅಲ್ಲಿ ಗಂಡುಕರುಗಳ ಹರಾಜು ನಡೆದಾಗ ದೂರದ ಜಿಲ್ಲೆಗಳಿಂದ ರೈತರು ಬಂದು ಪೈಪೋಟಿಯಲ್ಲಿ ಕೂಗುತ್ತಾರೆ. ಆದರೆ ಯಾವ ಹೋರಿಯನ್ನು ತಳಿಗೆ ಉಳಿಸಬೇಕು ಎಂಬುದು ಇಲಾಖೆಯ ತೀರ್ಮಾನ. ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಕೂಗಿದ ರೈತನಿಗೆ ಕರು ಸಿಗುತ್ತದೆ, ಮಾತು ಸಿಗುವುದಿಲ್ಲ. ತಳಿಯನ್ನು ಸರ್ಕಾರ ಉಳಿಸಿದೆ, ನಿಜ. ಹೆಸರು ಕಳಿಸುವವರು ಮಾತ್ರ ಇಲ್ಲ.

ಬೆಳೆಗಾರರು ಆ ಹೆಣ್ಣುಕುದುರೆಯನ್ನು ಆಮೇಲೆ ಒಂದು ಸ್ಥಳೀಯ ಸ್ಪರ್ಧೆಗೆ ಕರೆದುಕೊಂಡು ಹೋದರು. ಒಂದರೊಳಗೊಂದು ಬಾಗಿದಂತೆ ತುದಿ ಸೇರುವ ಕಿವಿ, ಹದಿನೈದು ಅಂಕಿಯ ಚಿಪ್ಪು, ಗಂಟಲ ಬಳಿಯ ದೇವಮಣಿ ಸಮೇತ ಎಲ್ಲ ಸುಳಿ ಬರೆದ ಕಾಗದ, ಎಲ್ಲವೂ ಸರಿಯಾಗಿತ್ತು. ಪ್ರವೇಶ ಪತ್ರದಲ್ಲಿ ತಳಿ ಎಂಬ ಕಾಲಂ ಇತ್ತು. ಅವರು ಮಾರ್ವಾಡಿ ಎಂದು ಬರೆದದ್ದನ್ನು ಮೇಜಿನ ಹಿಂದಿದ್ದ ಹುಡುಗ ಹೊಡೆದು ಹಾಕಿ, ಪಕ್ಕದಲ್ಲಿ ಕಂಟ್ರಿ ಬ್ರೆಡ್, ಅಂದರೆ ಬರೀ ನಾಡ ಕುದುರೆ, ಎಂದು ಬರೆದುಕೊಂಡನಂತೆ. ಕೇಳಿದ್ದಕ್ಕೆ, "ಸಿಸ್ಟಮ್ಮಲ್ಲಿ ಇರೋದು ಅಷ್ಟೇ ಆಪ್ಷನ್ ಅಂಕಲ್" ಎಂದನಂತೆ. ಅವರು ಆ ಕಾಗದದ ಫೋಟೊ ತೆಗೆದು ನನಗೆ ಕಳಿಸಿದ್ದಾರೆ. ಎರಡು ಹೆಸರೂ ಎರಡು ಬಣ್ಣದ ಶಾಯಿಯಲ್ಲಿವೆ.